ಸೂತಕದಲ್ಲಿ ಮುಚ್ಚಿದ ನೆಟ್ಟಿನ ಅಂಗಡಿ

ಆಗ ನನಗೆ ಅರವತ್ತೇಳು. ಈ ಮಾತಿಗೆ ಹತ್ತು ವರ್ಷವಾಯಿತು.

ಡೊಂಬಿವ್ಲಿಯ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಹಾಕುವವಳು ನಾನು, ಮಾರುವವಳು ಸೊಸೆ. ನನ್ನ ಓದು ಮೂರನೆಯ ಕ್ಲಾಸಿಗೆ ನಿಂತಿದೆ. ಅವಳು ನವಿ ಮುಂಬಯಿಯ ಆಫೀಸೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದವಳು, ಮರಾಠಿ ಹುಡುಗಿ. ಕನ್ನಡ ಕಲಿತದ್ದು ಇಲ್ಲಿಗೆ ಬಂದ ಮೇಲೆ, ಅದೂ ನನ್ನ ಬೈಗುಳದಿಂದ. ಟ್ರೇನಿನ ನೂಕುನುಗ್ಗಲು ಸಾಕಾಗಿ ಕೆಲಸ ಬಿಟ್ಟು, ನನ್ನ ಉಪ್ಪಿನಕಾಯಿಗೆ ನೆಟ್ಟಿನಲ್ಲಿ ಅಂಗಡಿ ತೆರೆದಳು. ಯಾರಾದರೂ ಮೊಬೈಲಿನಲ್ಲಿ ಉಡುಪಿ ಕಡೆಯ ಉಪ್ಪಿನಕಾಯಿ ಹುಡುಕಿದರೆ ಮೇಲಿನ ಸಾಲಿನಲ್ಲೇ ನಮ್ಮ ಭರಣಿ ಕಾಣುತ್ತಿತ್ತು. ಠಾಣೆ, ಬದಲಾಪುರದಿಂದ ಗುರುತು ಪರಿಚಯ ಇಲ್ಲದವರೂ ತರಿಸಿಕೊಳ್ಳುತ್ತಿದ್ದರು.

ಆ ಮಳೆಗಾಲದಲ್ಲಿ ಊರಿನಲ್ಲಿ ನನ್ನ ಗಂಡನ ಅಣ್ಣ ತೀರಿಕೊಂಡರು. ನಮಗೆ ಸೂತಕ. ಸೂತಕದಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟುವ ಕ್ರಮ ಇಲ್ಲ. ಮನೆಯವರಿಗೇ ಬಡಿಸದ್ದನ್ನು ಊರವರಿಗೆ ಮಾರುವುದೆಂತ? ಅಂಗಡಿ ಮುಚ್ಚು ಎಂದೆ, ಸೊಸೆ ಮುಚ್ಚಿದಳು. ಹಾಗೆ ಹೇಳಿದ್ದು ತಪ್ಪು ಎಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ.

ಸೂತಕ ಕಳೆದು ಅಂಗಡಿ ತೆರೆದೆವು. ಹಳಬರು ನನಗೇ ಫೋನು ಮಾಡಿ ಕೇಳುತ್ತಿದ್ದರು. ಹೊಸಬರು ಮಾತ್ರ ಒಬ್ಬರೂ ಬರಲಿಲ್ಲ. ಹುಡುಕಿದರೆ ಮೇಲಿನ ಸಾಲಿನಲ್ಲಿದ್ದ ನಮ್ಮ ಭರಣಿ ಎಲ್ಲೂ ಇಲ್ಲ.

"ಆಯ್ತಲ್ಲ ಶೋಕಿ? ಇವಳ ಹಳೇ ಬಾಸ್ ಇನ್ನೂ ಕರೀತಿದ್ದಾರೆ. ಮುಂದಿನ ತಿಂಗಳು ಜಾಯಿನ್ ಆಗ್ಲಿ" ಎಂದ ಮಗ.

"ಉಪ್ಪಿನಕಾಯಿ ನೀನು ಮಾರ್ತೀಯ?"

"ನಾನ್ಯಾಕೆ ಮಾರ್ಲಿ?"

"ಹಾಗಾದ್ರೆ ಸುಮ್ಮನೆ ಊಟ ಮಾಡು."

ಸೊಸೆ ಅಟ್ಟದಿಂದ ಆಫೀಸಿನ ಚೀಲ ಇಳಿಸಿ ಧೂಳು ಒರೆಸಿಟ್ಟಳು. ನನಗೆ ಅಷ್ಟೇ ಸಾಕಾಯಿತು. ಹೊಸ ಮೆಣಸು ತರುವುದನ್ನು ನಿಲ್ಲಿಸಿದೆ.

ಒಂದು ದಿನ ಕಲ್ಯಾಣದಿಂದ ಹಳೆಯ ಗಿರಾಕಿ, ಕುಂದಾಪುರ ಕಡೆಯ ಹೆಂಗಸು, ಫೋನು ಮಾಡಿದಳು.

"ಎಂತ ಮಾರಾಯ್ರೆ, ಅಂಗಡಿ ಎತ್ತಿ ಊರಿಗೆ ಹೊರಟ್ರಾ? ಮಾವಿನಮಿಡಿ ಒತ್ತಿದ್ರೆ ಬರೀ ಬಿಳಿ ಹಾಳೆ, ಮೇಲೆ ಎಂಥದೋ ಎರರ್."

ಸೊಸೆಗೆ ಹೇಳಿದೆ. "ಹೌದಾ? ನನ್ನ ಲ್ಯಾಪ್‌ಟಾಪಲ್ಲಿ ಬರೋಬರ್ ಓಪನ್ ಆಗ್ತದೆ ಅಮ್ಮಾ" ಎಂದವಳು ತಟ್ಟನೆ ನಿಂತಳು. ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು ನೋಡಿದಳು. ಅಂಗಡಿಯ ಮೊದಲ ಪುಟ ಸರಿಯಾಗಿ ಬಂತು. ಮಾವಿನಮಿಡಿ ಒತ್ತಿದರೆ ಬಿಳಿ ಹಾಳೆ. ಲಿಂಬೆ ಒತ್ತಿದರೂ ಅದೇ.

ಲ್ಯಾಪ್‌ಟಾಪಿನ ಮುಂದೆ ಕೂತವಳು ಅನ್ನ ತಣ್ಣಗಾಗುವವರೆಗೆ ಏಳಲಿಲ್ಲ. ನಮ್ಮ ಅಂಗಡಿಯ ಪುಟಗಳೆಲ್ಲ ಇರುವುದು ಸರ್ವರ್ ಎಂಬ ಬಾಡಿಗೆ ಕಂಪ್ಯೂಟರಿನಲ್ಲಿ. ಯಾರು ಬಂದರು, ಏನು ಕೇಳಿದರು, ಏನು ಉತ್ತರ ಸಿಕ್ಕಿತು ಎಂದು ಅದು ಬರೆದಿಡುತ್ತದಂತೆ. ಅದನ್ನು ಸಾಲು ಸಾಲಾಗಿ ಓದಿದಳು. ಉದ್ದಕ್ಕೂ ಐನೂರು, ಐನೂರು.

"ಇದೆಂತ, ರೇಟಾ?"

"ಅಲ್ಲ ಅಮ್ಮಾ. ಸರ್ವರ್ ಒಳಗೇ ಕೆಟ್ಟಿದೆ ಅಂತ ಅರ್ಥ."

ಸೂತಕಕ್ಕೆ ಅಂಗಡಿ ಮುಚ್ಚುವಾಗ ಸರ್ವರಿನಲ್ಲಿ ಎರಡು ಕಡೆ ಬೀಗ ಹಾಕಿದ್ದಳು, ತೆರೆಯುವಾಗ ಒಂದನ್ನು ಮಾತ್ರ ತೆಗೆದಿದ್ದಳು. ಉಳಿದ ಬೀಗ ಒಳಗಿನ ಪುಟಗಳನ್ನೆಲ್ಲ ಕೆಡಿಸಿತ್ತು. ಅವಳ ಲ್ಯಾಪ್‌ಟಾಪನ್ನು ಒಡತಿಯದೆಂದು ಗುರುತಿಸಿ ಅದಕ್ಕೆ ಮಾತ್ರ ಬಾಗಿಲು ತೆಗೆಯುತ್ತಿತ್ತು. ಜನರಿಗೆ ಹುಡುಕಿ ತೋರಿಸುವ ಸರ್ಚಿನ ಯಂತ್ರ ಆಗಾಗ ಬಂದು ನಮ್ಮ ಪುಟ ನೋಡಿ ಹೋಗುತ್ತದೆ. ಬಂದಾಗಲೆಲ್ಲ ಐನೂರು ಕಂಡು ಈ ಅಂಗಡಿ ನಂಬುವಂಥದ್ದಲ್ಲ ಎಂದು ನಮ್ಮನ್ನು ಸಾಲಿನಿಂದಲೇ ಕಿತ್ತುಹಾಕಿತ್ತು.

ಅವಳು ಬೀಗ ತೆಗೆದಳು. ನನ್ನ ಮೊಬೈಲಿನಲ್ಲಿ ಒಂದೊಂದೇ ಉಪ್ಪಿನಕಾಯಿ ಒತ್ತಿ ನೋಡಿದಳು. ಎಲ್ಲ ಬಂದವು. ಸರ್ಚಿಗೆ ಮತ್ತೊಮ್ಮೆ ಬಂದು ನೋಡು ಎಂದು ಹೇಳಿಕೆ ಕಳಿಸಿದಳು.

ಆಮೇಲೆ ನನ್ನ ಹತ್ತಿರ ಬಂದು ಕೂತು ಕೇಳಿದಳು, "ಅಮ್ಮಾ, ಮುಂದೆ ಸೂತಕ ಬಂದ್ರೆ?"

"ಮುಂದಿನದು ನನ್ನದೇ. ಈಗಲೇ ಸರಿ ಮಾಡಿಡು."

"ಜೋಕ್ ನಕೋ, ಬೇಡ ಅಮ್ಮಾ! ಹೇಳಿ, ಸೂತಕದಲ್ಲಿ ಭರಣಿ ಕಣ್ಣಿಗೆ ಕಾಣಬಹುದಾ?"

"ಕಾಣದೆ ಎಂತ? ಅಟ್ಟದಲ್ಲೇ ಇರ್ತದೆ. ಮುಟ್ಟಬಾರದು, ಅಷ್ಟೆ."

"ಬಸ್, ಇಷ್ಟು ಸಾಕು" ಎಂದು ಎದ್ದಳು. ಇನ್ನು ಮುಂದೆ ಬೀಗವೇ ಬೇಡ, ಪುಟ ಎಲ್ಲರಿಗೂ ಕಾಣಲಿ, ಕೊಳ್ಳುವ ಗುಂಡಿ ಮಾತ್ರ ತೆಗೆದು 'ಇಷ್ಟು ದಿನ ಮಾರಾಟವಿಲ್ಲ' ಎಂದು ಹಾಕಿದರೆ ಸಾಕು ಎಂದಳು. ಮಡಿಯೂ ಉಳಿಯಿತು, ಅಂಗಡಿಯೂ ಉಳಿಯಿತು. ಹುಟ್ಟಿನಿಂದ ಮಡಿ ಮಾಡಿದ ನನ್ನ ನಾದಿನಿಯರಿಗೆ ಇಷ್ಟು ಹೊಳೆಯುತ್ತಿರಲಿಲ್ಲ.

ಸರ್ಚಿನ ಮುನಿಸು ಒಂದು ದಿನಕ್ಕೆ ಇಳಿಯುವುದಲ್ಲ. ದಿನಾ ಊಟವಾದ ಮೇಲೆ ಅವಳು ನನ್ನ ಮೊಬೈಲಿನಲ್ಲಿ ಹುಡುಕುತ್ತಿದ್ದಳು. ಮೊದಲು ಎಲ್ಲೋ ತಳದಲ್ಲಿ ಲಿಂಬೆ ಕಂಡಿತು. ಆಮೇಲೆ ಮಾವಿನಮಿಡಿ. ಆಫೀಸಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು, ಚೀಲ ಬಾಗಿಲ ಮೂಲೆಯಲ್ಲೇ ಇತ್ತು. ಒಂದು ಮಧ್ಯಾಹ್ನ ಭಿವಂಡಿಯಿಂದ ಆರ್ಡರ್ ಬಂತು, ಯಾರೋ ಹೊಸಬರು. ಸಂಜೆಯೊಳಗೆ ನವಿ ಮುಂಬಯಿಯಿಂದ ಇನ್ನೊಂದು.

ಮಗ ಮನೆಗೆ ಬಂದಾಗ ಸೊಸೆ ಅವನ ಎದುರೇ ಹಳೇ ಬಾಸಿಗೆ ಫೋನು ಮಾಡಿ ಬರುವುದಿಲ್ಲ ಎಂದಳು. ಅವನು ನನ್ನ ಮುಖ ನೋಡಿದ.

"ನೋಡ್ತೀಯೆಂತ? ಆ ಚೀಲ ಅಟ್ಟಕ್ಕೆ ಹಾಕು" ಎಂದೆ. ಹಾಕಿದ.

ನನ್ನ ಉಪ್ಪಿನಕಾಯಿ ಚೆನ್ನಾಗಿದೆ ಎಂದು ಜನ ಹೊಗಳುತ್ತಾರೆ. ಅದು ನನಗೆ ಗೊತ್ತಿರುವುದೇ. ನನ್ನ ಸೊಸೆಯನ್ನು ಹೊಗಳಿದರೆ ಮಾತ್ರ ಇನ್ನೊಂದು ಸಲ ಹೇಳಿಸಿ ಕೇಳುತ್ತೇನೆ.

ಮರುದಿನ ಬೆಳಿಗ್ಗೆ ಕಲ್ಯಾಣದ ಪೇಟೆಗೆ ಹೋಗಿ ಒಂದು ಮೂಟೆ ಬ್ಯಾಡಗಿ ಮೆಣಸು ತಂದೆ.