ಪಕ್ಕದ ಮನೆಯ ಊಟ

ಊಟ ಮುಗಿಸಿ ಕೈ ತೊಳೆದು ಬಂದ ಮೇಲೆ ಅಜ್ಜಿ, "ನೀವು ಯಾರ್ರೀ?" ಎಂದು ಕೇಳಿದರು.

ವಿಶ್ವವಿದ್ಯಾಲಯದ ಬೇಸಿಗೆ ತರಬೇತಿಗೆ ಮೈಸೂರಿನಿಂದ ಬೆಳಗಾವಿಗೆ ಬಂದು, ಖಾಸಬಾಗದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಮರುದಿನ ಮನೆ ಮಾಲೀಕರು ಹಿಂದಿನ ಗಲ್ಲಿಯ ತಮ್ಮ ಮನೆಗೆ ಮಧ್ಯಾಹ್ನದ ಊಟಕ್ಕೆ ಕರೆದಿದ್ದರು. ಆ ಗಲ್ಲಿಯ ಬಾಗಿಲುಗಳೆಲ್ಲ ಒಂದೇ ತರಹ. ತೆರೆದಿದ್ದ ಬಾಗಿಲಲ್ಲಿ ನಿಂತು, ಊಟಕ್ಕೆ ಬಂದೆ ಎಂದೆ. ಅಜ್ಜಿ "ಬರ್ರಿ, ಕುಂದರ್ರಿ" ಎಂದು ರೊಟ್ಟಿ, ಝುಣಕ ಬಡಿಸಿದರು. ಮಾಲೀಕರ ತಾಯಿ ಇರಬೇಕು ಎಂದುಕೊಂಡು ಹೊಟ್ಟೆ ತುಂಬ ಉಂಡಿದ್ದೆ.

ಈಗ ಮಾಲೀಕರ ಹೆಸರು ಹೇಳಿದೆ.

"ಅವರ ಮನಿ ಬಾಜೂಕ ಐತಿ."

ಮೊದಲೇ ಯಾಕೆ ಕೇಳಲಿಲ್ಲ ಎಂದೆ.

"ಹಸದ ಬಂದವರನ್ನ ಉಣ್ಣೂ ಮೊದಲ ಯಾರಂತ ಕೇಳಬಾರದ್ರಿ. ನಾಳೆನೂ ಮನಿ ತಪ್ಪಿ ಬರ್ರಿ."

ತರಬೇತಿ ಮುಗಿಯುವ ಹೊತ್ತಿಗೆ ಬೆಳಗಾವಿಯ ಗಲ್ಲಿಗಳೆಲ್ಲ ಗುರುತಾಗಿದ್ದವು. ಊಟದ ಹೊತ್ತಿಗೆ ಮಾಲೀಕರ ಬಾಗಿಲೊಂದನ್ನು ಮಾತ್ರ ಕೊನೆಯ ದಿನದವರೆಗೂ ತಪ್ಪುತ್ತಲೇ ಇದ್ದೆ.