ಬಾಗಿಲಿಲ್ಲದ ಗಾಡಿ

ಮುನಿಶಾಮಪ್ಪನವರ ಮನೆಗೆ ಯಾರಾದರೂ ಕಾರಿನಲ್ಲಿ ಬಂದರೆ ಅವರು ಮೊದಲು ವಿಚಾರಿಸಿಕೊಳ್ಳುತ್ತಿದ್ದುದು ಕಾರನ್ನು. ಮನುಷ್ಯರ ಸರದಿ ಆಮೇಲೆ. ಬಂದವರು ಇಳಿದು ಕೈಮುಗಿದು ನಿಂತಿರುತ್ತಿದ್ದರು. ಇವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಗಾಡಿಯ ಸುತ್ತ ಒಂದು ಸುತ್ತು ಬರುತ್ತಿದ್ದರು. ಚಕ್ರವನ್ನು ಮೆಟ್ಟಿನ ತುದಿಯಿಂದ ಒತ್ತಿ ನೋಡುವರು. ಮಗುವಿನ ಜ್ವರ ನೋಡುವಂತೆ ಬಾನೆಟ್ಟಿನ ಮೇಲೆ ಅಂಗೈ ಇಡುವರು. ಕೊನೆಗೆ ಬಾಗಿಲನ್ನು ತೆಗೆದು ಒಮ್ಮೆ ಹಾಕುವರು. ಆ ಸದ್ದು ಕೇಳಿದ ಮೇಲೆಯೇ ತೀರ್ಪು.

"ಗಾಡಿ ಅಂದ್ಮೇಲೆ ಬಾಗ್ಲು ದಪ್ ಅನ್ಬೇಕು ಸ್ವಾಮಿ. ಟಣ್ ಅಂದ್ರೆ ಅದು ಡಬ್ಬ."

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ನಾನು ಹೊಸಕೋಟೆಯ ಆಸ್ಪತ್ರೆಗೆ ಡಾಕ್ಟರಾಗಿ ಬಂದೆ. ಹಳ್ಳಿಗಳಿಗೆ ಹೋಗಿಬರಲು ಯಾರೋ ಬಳಸಿ ಬಿಟ್ಟ ಒಂದು ಪುಟ್ಟ ಇಂಗ್ಲಿಷ್ ಕಾರು ತೆಗೆದುಕೊಂಡಿದ್ದೆ. ಇಬ್ಬರು ಕೂತರೆ ಮೂರನೆಯದಾಗಿ ಔಷಧಿ ಪೆಟ್ಟಿಗೆಗೆ ಮಾತ್ರ ಜಾಗ. ಮುನಿಶಾಮಪ್ಪನವರ ಹೆಂಡತಿ ಅಕ್ಕಯ್ಯಮ್ಮನವರಿಗೆ ಚಳಿಜ್ವರ ಬಂದಿದೆಯೆಂದು ಕರೆ ಬಂದಾಗ ಅದರಲ್ಲೇ ಹೋದೆ. ಅವರ ಊರು ಹೊಸಕೋಟೆಯಿಂದ ಎರಡು ಮೈಲಿ. ಒಳಗೆ ರೋಗಿ ನರಳುತ್ತಿದ್ದರೂ, ಎಲ್ಲರೂ ಗೌಡರೆಂದು ಕರೆಯುತ್ತಿದ್ದ ಮುನಿಶಾಮಪ್ಪನವರು ನನ್ನ ಕಾರಿನ ಸುತ್ತ ಪೂರ್ತಿ ಒಂದು ಸುತ್ತು ಬಂದೇ ನನ್ನನ್ನು ಒಳಗೆ ಬಿಟ್ಟರು.

"ಇದು ದಿನಾ ಹತ್ತೋದಾ ಡಾಕ್ಟ್ರೇ, ಇಲ್ಲ ದೊಡ್ಡದು ರಿಪೇರಿಗೆ ಹೋಗೈತಾ?"

"ಇದೇ ದಿನಾ ಹತ್ತೋದು."

"ಹಂಗಾದ್ರೆ ಒಳ್ಳೆ ಮನುಷ್ಯ್ರು ನೀವು. ಕೋಳಿ ಗೂಡಲ್ಲಿ ಓಡಾಡ್ಬೇಕು ಅಂದ್ರೆ ಬಲೇ ತಾಳ್ಮೆ ಬೇಕು."

ಅಂದಿನಿಂದ ಆ ಸುತ್ತಿನಲ್ಲೆಲ್ಲ ನನ್ನ ಕಾರಿಗೆ ಕೋಳಿ ಗೂಡು ಎಂದೇ ಹೆಸರಾಯಿತು. ರೋಗಿಗಳು ಕೂಡ ಹಾಗೇ ಅನ್ನುತ್ತಿದ್ದರು. ಗೌಡರು ಆಸ್ಪತ್ರೆಯ ಕಡೆ ಬರುವ ಸುದ್ದಿ ಸಿಕ್ಕರೆ ನಾನು ಅದನ್ನು ಹಿತ್ತಿಲಿನ ಹುಣಸೆ ಮರದ ಹಿಂದೆ ನಿಲ್ಲಿಸುತ್ತಿದ್ದೆ. ಓದಿದವನು, ಮೂವತ್ತು ದಾಟಿದವನು, ಆದರೂ ನಿಲ್ಲಿಸುತ್ತಿದ್ದೆ.

ಅವರದು ಹಸಿರು ಬಣ್ಣದ ಉದ್ದನೆಯ ಅಮೆರಿಕನ್ ಕಾರು. ಆಲೂಗಡ್ಡೆ, ತರಕಾರಿ ಬೆಳೆದು ಬೆಂಗಳೂರಿಗೆ ಕಳಿಸುತ್ತಿದ್ದ ದೊಡ್ಡ ಕುಳ ಅವರು. ಬೆಂಗಳೂರು ದಂಡಿನಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಮರಳುವಾಗ ಅದನ್ನು ಇವರಿಗೆ ಮಾರಿದ್ದನಂತೆ. ಅಂಥ ಕಾರು ಇದ್ದವರು ಅದನ್ನು ಹಬ್ಬಕ್ಕೋ ಮದುವೆಗೋ ಹೊರಗೆ ತೆಗೆಯುವುದು ವಾಡಿಕೆ. ಮುನಿಶಾಮಪ್ಪನವರು ಅದರಲ್ಲೇ ಹೊಲಕ್ಕೆ ಹೋಗುತ್ತಿದ್ದರು. ಹೊಲದ ಬದುವಿನ ಹತ್ತಿರ ನಿಲ್ಲಿಸಿ, ಪಂಚೆ ಮೇಲೆತ್ತಿ ಕಟ್ಟಿ ಕೆಸರಿಗೆ ಇಳಿದು, ವಾಪಸು ಬರುವಾಗ ಕಾಲು ತೊಳೆದುಕೊಂಡು ಹತ್ತುತ್ತಿದ್ದರು. ಕೇಳಿದರೆ ಹೇಳುತ್ತಿದ್ದುದು ಇಷ್ಟು: "ಮದ್ವೇಗೆ ಉಡೋ ಪಂಚೆ ಎಲ್ರುದೂ ಚೆಂದಾಗೇ ಇರ್ತದೆ. ದಿನಾ ಉಡೋದು ನೋಡ್ಬೇಕು. ಗಾಡೀನೂ ಹಂಗೇಯ."

ಭಾನುವಾರ ಬೆಳಿಗ್ಗೆ ಅವರ ಮನೆಯ ಜಗಲಿಯಲ್ಲಿ ನಾವು ಮೂವರು ಸೇರುತ್ತಿದ್ದೆವು. ಮೂರನೆಯವರು ಕಾಸಿಂ ಸಾಹೇಬರು. ಮದ್ರಾಸು ರಸ್ತೆಯಲ್ಲಿ ಮೂರು ಬಸ್ಸು ಓಡಿಸುತ್ತಿದ್ದರು. ಯುದ್ಧದ ಕೊರತೆಯಿಂದ ಪೆಟ್ರೋಲಿಗೆ ರೇಷನ್ ಚೀಟಿ ಬಂದ ಮೇಲೆ ಬಸ್ಸಿನ ಹಿಂದೆ ಒಲೆ ಕಟ್ಟಿಸಿ ಇದ್ದಿಲ ಹೊಗೆಯಲ್ಲಿ ಓಡಿಸಿದರು. ಅವರ ಸ್ವಂತ ಕಾರು ಮೇಲೆ ಬಟ್ಟೆ ಹೊದಿಸಿದ ಹಳೆಯದು. ಗೌಡರು ಇಟ್ಟ ಹೆಸರು ಹರಿದ ಛತ್ರಿ. ಸಾಹೇಬರು ಬಿಡುತ್ತಿರಲಿಲ್ಲ. "ನಿಮ್ದು ಏನ್ ಗೌಡ್ರೇ, ಹೆಣ್ಣಾನೆ. ಎಷ್ಟ್ ಕುಡಿಸಿದ್ರೂ ಕಮ್ಮಿ," ಎಂದು ಅವರೂ ಹಿಂದಿರುಗಿಸುತ್ತಿದ್ದರು. ಬೆಂಗಳೂರಿಂದ ಕೋಲಾರದ ಕಡೆಗೆ ಹೋಗುವ ಪ್ರತಿಯೊಂದು ಕಾರೂ, ಅದರ ಒಡೆಯನೂ, ಒಡೆಯನ ಮನೆತನವೂ ಆ ಜಗಲಿಯ ಮೇಲೆ ತೂಕಕ್ಕೆ ಬೀಳುತ್ತಿತ್ತು. ನನಗೆ ಆ ಗಂಟೆಗಳು ಬಹಳ ಇಷ್ಟವಾಗಿದ್ದವು.

ಗೌಡರಿಗೆ ಒಬ್ಬನೇ ಮಗ, ನಾರಾಯಣಸ್ವಾಮಿ. ಹತ್ತೊಂಬತ್ತು ವರ್ಷ. ಎಡಚ. ತಂದೆಯಂತೆ ಅವನಿಗೂ ಗಾಡಿಯ ಹುಚ್ಚು. ಆದರೆ ಹಸಿರು ಕಾರನ್ನು ತೊಳೆಯುವುದಕ್ಕೆ ಮಾತ್ರ ಅವನಿಗೆ ಅಪ್ಪಣೆಯಿತ್ತು. ಕಾಸಿಂ ಸಾಹೇಬರ ಡ್ರೈವರುಗಳನ್ನು ಕಾಡಿ ಬೇಡಿ ಅವನು ಬಸ್ಸು ಓಡಿಸುವುದನ್ನು ಕಲಿತಿದ್ದ. ಒಂದು ಭಾನುವಾರ ನಾವು ಜಗಲಿಯ ಮೇಲೆ ಕೂತಿದ್ದಾಗಲೇ ಕಾರನ್ನು ಹೊರಗೆ ತೆಗೆದು ಅಂಗಳದಲ್ಲಿ ತಿರುಗಿಸಲು ಹೋದ. ಹಿಂದಿನ ಮಡ್‌ಗಾರ್ಡು ಗೇಟಿನ ಕಲ್ಲುಕಂಬಕ್ಕೆ ಉಜ್ಜಿತು. ಗೌಡರು ಎದ್ದು ಹೋಗಿ ಮೊದಲು ಗೀರು ನೋಡಿದರು. ಆಮೇಲೆ ಮಗನನ್ನು ನೋಡಿದರು.

"ಇಳಿಯೋ ಕೆಳಗೆ. ಎಡಗೈ ನನ್ಮಗ್ನೆ. ನಿಂದು ಗಾಡಿ ಹಿಡಿಯೋ ಕೈ ಅಲ್ಲ."

ಹುಡುಗ ಇಳಿದ. ನಮ್ಮ ಮುಂದೆಯೇ ಹಾದು ಒಳಗೆ ಹೋದ. ಎರಡು ವಾರದ ನಂತರ ಬೆಂಗಳೂರಿಗೆ ಹೋಗಿ ಮಿಲಿಟರಿಗೆ ಡ್ರೈವರಾಗಿ ಸೇರಿಕೊಂಡ.

ಅವನ ಕಾಗದಗಳು ತಿಂಗಳಿಗೊಂದೋ ಎರಡು ತಿಂಗಳಿಗೊಂದೋ ಬರುತ್ತಿದ್ದವು. ಎಲ್ಲಿದ್ದೇನೆ ಎಂದು ಬರೆಯುವ ಹಾಗಿರಲಿಲ್ಲ. ಬೆಟ್ಟ, ಬಿಡದ ಮಳೆ ಎಂದಷ್ಟೇ ಇರುತ್ತಿತ್ತು. ಬರ್ಮಾ ಗಡಿಯ ಕಡೆ ಇರಬೇಕೆಂದು ನಾವು ಊಹಿಸಿದ್ದೆವು. ಗೌಡರಿಗೆ ಓದಲು ಬರುತ್ತಿತ್ತು, ಬರೆಯಲು ಬೇಸರ. ಒಂದು ಭಾನುವಾರ ಅವನ ಒಂದು ಕಾಗದವನ್ನು ಜಗಲಿಗೆ ತಂದು ಗಟ್ಟಿಯಾಗಿ ಓದಿದರು. ಅದರ ತುಂಬ ಗಾಡಿಯದೇ ಮಾತು. 'ಅಪ್ಪಾ, ನನಗೆ ಇಲ್ಲಿ ಒಂದು ಹೊಸ ಗಾಡಿ ಕೊಟ್ಟಿದ್ದಾರೆ. ಜೀಪು ಅನ್ನುತ್ತಾರೆ. ದಿನವೂ ನಾನೇ ಓಡಿಸುತ್ತೇನೆ, ಬೇರೆ ಯಾರೂ ಮುಟ್ಟುವುದಿಲ್ಲ. ಬಾಗಿಲಿಲ್ಲ. ಸ್ಟೇರಿಂಗು ಎಡಗಡೆ. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಬಲ ಇರುವುದರಿಂದ ಎಂಥ ಕೆಸರಿದ್ದರೂ ಎದ್ದು ಬರುತ್ತದೆ. ನೀವು ನೋಡಬೇಕು ಅಪ್ಪಾ. ನೋಡಿದರೆ ಒಪ್ಪುತ್ತೀರಿ.'

"ಬಾಗ್ಲೇ ಇಲ್ವಂತೆ!" ಎಂದು ಗೌಡರು ನಕ್ಕರು. ನಾವೂ ನಕ್ಕೆವು. "ಬರೀರಿ ಡಾಕ್ಟ್ರೇ ಇವ್ನಿಗೆ ಉತ್ರಾನ" ಎಂದರು. ನಾನು ಬರೆದೆ. ಒಬ್ಬೊಬ್ಬರೂ ಒಂದೊಂದು ಮಾತು ಸೇರಿಸಿದೆವು.

ಬಾಗಿಲಿಲ್ಲದ್ದು ಗಾಡಿಯಲ್ಲ, ಎತ್ತಿನ ಗಾಡಿಗಾದರೂ ಪಕ್ಕಕ್ಕೆ ಗಳ ಇರುತ್ತದೆ ಎಂಬುದು ಗೌಡರ ಮಾತು. ಮಳೆ ಬಂದಾಗ ಛತ್ರಿ ಹಿಡಿಯಲು ಬೇರೆ ಆಳು ಕೊಟ್ಟಿದ್ದಾರೆಯೇ ಎಂಬುದು ಕಾಸಿಂ ಸಾಹೇಬರದು. ಸ್ಟೇರಿಂಗನ್ನು ಎಡಗಡೆ ಇಟ್ಟಿದ್ದಾರೆಂದರೆ ನೀನು ಎಡಚನೆಂದು ಅಮೆರಿಕದವರೆಗೂ ಗೊತ್ತಾಗಿರಬೇಕು ಎಂಬುದು ನನ್ನದು. ಅದನ್ನು ಓದಿ ಹೇಳಿದಾಗ ಇಬ್ಬರೂ ತೊಡೆ ತಟ್ಟಿಕೊಂಡು ನಕ್ಕರು, ನನಗೆ ಹೆಮ್ಮೆಯಾಯಿತು. ಊರಿಗೆ ಬರುವಾಗ ಅದರಲ್ಲಿ ಮಾತ್ರ ಬರಬೇಡ, ನಾಲ್ಕು ಜನ ನೋಡುತ್ತಾರೆ ಎಂದು ಗೌಡರು ಮುಗಿಸಿದರು. ಅಂಟು ಹಚ್ಚಿ ನಾನೇ ಅಂಚೆಗೆ ಹಾಕಿದೆ.

ಅದಕ್ಕೆ ಉತ್ತರ ಬರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಪೋಸ್ಟ್‌ಮಾಸ್ಟರು ಆಸ್ಪತ್ರೆಗೆ ಬಂದು ನನ್ನ ಕೈಗೆ ಒಂದು ತಂತಿ ಕೊಟ್ಟರು. ಗೌಡರ ಹೆಸರಿಗಿತ್ತು. "ನೀವೇ ಹೇಳಿಬಿಡಿ ಡಾಕ್ಟ್ರೇ, ನನ್ನ ಕೈಲಿ ಆಗಲ್ಲ" ಎಂದರು. ನಾನು ಹೋದೆ. ಗೌಡರು ಅಂಗಳದಲ್ಲಿ ಆಳಿನ ಜೊತೆ ಆಲೂಗಡ್ಡೆ ಮೂಟೆ ಹೊಲಿಯುತ್ತಿದ್ದರು. ಇಂಥ ಸುದ್ದಿಯನ್ನು ಎಷ್ಟೋ ಮನೆಗಳಲ್ಲಿ ಹೇಳಿದವನು ನಾನು. ಅಲ್ಲೂ ಅದೇ ದನಿಯಲ್ಲಿ ಹೇಳಿದೆ. ಗುಡ್ಡದ ರಸ್ತೆಯ ಅಂಚು ಮಳೆಗೆ ಕುಸಿದಿತ್ತು, ಗಾಡಿ ಕೆಳಗೆ ಹೋಯಿತು ಎಂದು ಅವನ ಆಫೀಸರು ಬರೆದ ಕಾಗದ ಬಂದದ್ದು ಆಮೇಲೆ. ತಂತಿಯಲ್ಲಿ ಇದ್ದದ್ದು ಹುಡುಗ ತೀರಿಕೊಂಡನೆಂಬ ಒಂದೇ ಸಾಲು.

ಅವರು ದಬ್ಬಳವನ್ನು ಆಳಿನ ಕೈಗೆ ಕೊಟ್ಟರು. "ಯಾವ ಗಾಡೀಲಿದ್ದ ಅಂತ ಬರ್ದವ್ರಾ?" ಎಂದು ಕೇಳಿದರು.

"ಇಲ್ಲ ಗೌಡ್ರೇ. ತಂತೀಲಿ ಅಷ್ಟೆಲ್ಲ ಬರೆಯೋಲ್ಲ."

"ಸರಿ" ಎಂದರು. ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಕ್ಕಯ್ಯಮ್ಮನವರ ದನಿ ಕೇಳಿಸಿತು. ನಾನು ಕಾರಿನ ಪಕ್ಕ ನಿಂತೇ ಇದ್ದೆ. ನನಗೆ ಏನೂ ಅನ್ನಿಸಲಿಲ್ಲ. ಹಲ್ಲು ಕೀಳುವ ಮೊದಲು ಮದ್ದು ಹಾಕಿದಾಗ ದವಡೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು. ಹಾಗೆಯೇ ಹಿಂದಿರುಗಿ ಬಂದು ಸಾಲಿನಲ್ಲಿ ಉಳಿದ ರೋಗಿಗಳನ್ನು ನೋಡಿದೆ.

ಕೆಲವು ತಿಂಗಳ ಮೇಲೆ ಹುಡುಗನ ಸಾಮಾನು ಬಂತು. ಗೌಡರು ಅದನ್ನು ಹಿಡಿದುಕೊಂಡು ಆಸ್ಪತ್ರೆಗೇ ಬಂದರು. ಒಂದು ಕಂಬಳಿ, ಕನ್ನಡಿ, ಬಾಚಣಿಗೆ, ನಮ್ಮ ಕಾಗದ. ಮಡಿಕೆಗಳು ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ತುಂಬ ಸಲ ಬಿಚ್ಚಿ ಮಡಿಸಿದ ಕಾಗದ.

"ಓದಿ ಡಾಕ್ಟ್ರೇ."

"ಬೇಡ ಗೌಡ್ರೇ."

"ನಂಗೆ ಓದಕ್ಕೆ ಬರ್ತದೆ. ಅವ್ನಿಗೆ ಹೆಂಗ್ ಕೇಳಿಸ್ತೋ ಹಂಗೆ ನಾನೂ ಕೇಳ್ಬೇಕು. ಓದಿ."

ನಾನು ಓದಿದೆ. ಎತ್ತಿನ ಗಾಡಿಯ ಗಳ, ಛತ್ರಿ. ನನ್ನ ಸಾಲು ಬಂದಾಗ ಬಿಟ್ಟು ಮುಂದಕ್ಕೆ ಹೋದೆ. "ಅದನ್ನೂ ಓದಿ" ಎಂದರು. ಓದಿದೆ. ಕೊನೆಯ ಮಾತನ್ನೂ ಓದಿದೆ. ಅವನು ಅದನ್ನು ನಗುತ್ತ ಮತ್ತೆ ಮತ್ತೆ ಓದಿದನೋ, ನೊಂದು ಓದಿದನೋ, ಮನೆಯವರ ಮಾತು ಎಂದು ಸುಮ್ಮನೆ ಇಟ್ಟುಕೊಂಡಿದ್ದನೋ, ಹೇಳುವವರು ಯಾರೂ ಇರಲಿಲ್ಲ. ಗೌಡರು ಕಾಗದವನ್ನು ಇಸಿದುಕೊಂಡು ಹಳೆಯ ಮಡಿಕೆಯಲ್ಲೇ ಮಡಿಸಿದರು. ಹೊರಗೆ ನನ್ನ ಕಾರು ಎದುರಿಗೇ ನಿಂತಿತ್ತು. ಅದನ್ನು ನೋಡದೆ ಹೋದರು.

ಜಗಲಿಯ ಭಾನುವಾರಗಳು ನಿಂತವು. ಯಾರೂ ನಿಲ್ಲಿಸಿದ್ದಲ್ಲ.

ಯುದ್ಧ ಮುಗಿದು, ಮಿಲಿಟರಿಯವರು ಬಳಸಿದ ವಾಹನಗಳನ್ನು ಬೆಂಗಳೂರಿನಲ್ಲಿ ಹರಾಜು ಹಾಕುತ್ತಾರೆಂಬ ಸುದ್ದಿ ಬಂದಾಗ ಗೌಡರು ನನಗೂ ಕಾಸಿಂ ಸಾಹೇಬರಿಗೂ ಹೇಳಿಕಳಿಸಿದರು. ಮೂವರೂ ಹೋದೆವು. ದೊಡ್ಡ ಬಯಲು. ಸಾಲುಸಾಲಾಗಿ ಜೀಪುಗಳು, ಕೆಲವಕ್ಕೆ ಗಾಜಿಲ್ಲ, ಕೆಲವಕ್ಕೆ ಸೀಟಿಲ್ಲ. ಗೌಡರು ಸುತ್ತು ಬರಲಿಲ್ಲ. ಮೊದಲ ಸಾಲಿನ ಮೊದಲ ಗಾಡಿಯನ್ನು ತೋರಿಸಿ "ಇದು" ಎಂದರು.

"ಇಂಜಿನ್ ನೋಡೋದ್ಬೇಡ್ವಾ ಗೌಡ್ರೇ?" ಎಂದರು ಸಾಹೇಬರು.

"ಬ್ಯಾಡ."

ಅಲ್ಲಿಂದ ತಾವೇ ಓಡಿಸಿಕೊಂಡು ಹೊರಟರು. ನಾನು ಅವರ ಪಕ್ಕ ಕೂತೆ. ಎಡಗಡೆ ಕೂತು ಓಡಿಸಿ ಅಭ್ಯಾಸವಿಲ್ಲದೆ ಗಾಡಿ ರಸ್ತೆಯ ಆ ಬದಿಗೊಮ್ಮೆ ಈ ಬದಿಗೊಮ್ಮೆ ಹೋಗುತ್ತಿತ್ತು. ಕೃಷ್ಣರಾಜಪುರ ದಾಟಿದ ಮೇಲೆ ಒಂದು ಆಲದ ಮರದ ಕೆಳಗೆ ನಿಲ್ಲಿಸಿದರು. ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು.

"ಬೋ ಕಷ್ಟ ಐತೆ ಡಾಕ್ಟ್ರೇ. ಹುಡ್ಗ ಹೆಂಗ್ ಕಲ್ತ್ನೋ."

ಆ ಕಾಗದ ಓದಿಸಿದ ಮೇಲೆ ಮಗನ ಬಗ್ಗೆ ಅವರು ನನ್ನ ಮುಂದೆ ಆಡಿದ ಮಾತು ಅದೊಂದೇ.

ಹಸಿರು ಕಾರನ್ನು ಬೆಂಗಳೂರಿನ ಯಾರಿಗೋ ಕೊಟ್ಟುಬಿಟ್ಟರು. ಹೊಲಕ್ಕೆ, ಸಂತೆಗೆ, ಕಚೇರಿಗೆ, ನೆಂಟರ ಮನೆಗೆ ಎಲ್ಲಕ್ಕೂ ಜೀಪೇ ಆಯಿತು. ಹೊಸಕೋಟೆಯಲ್ಲೊಂದು ಮದುವೆ. ಚಪ್ಪರದ ಮುಂದೆ ಕಾರುಗಳು ನಿಂತಿದ್ದವು. ಗೌಡರು ಜೀಪಿನಲ್ಲಿ ಬಂದು ಇಳಿದರು. ಊರಿಗೆ ಹೊಸಬನಾಗಿದ್ದ ಅಕ್ಕಿ ಗಿರಣಿಯ ಯಜಮಾನನೊಬ್ಬ, ಗೌಡರ ಹಳೆಯ ಖ್ಯಾತಿಯನ್ನು ಕೇಳಿದ್ದವನು, ಎಲ್ಲರಿಗೂ ಕೇಳುವಂತೆ ಕೂಗಿದ: "ಏನ್ ಗೌಡ್ರೇ, ಎಲ್ಲಾರ್ ಗಾಡಿಗೂ ಹೆಸ್ರಿಡೋ ನೀವು ಇದನ್ನ ದಿನಾ ಹತ್ತೀರಾ? ಬಾಗ್ಲೇ ಇಲ್ವಲ್ರೀ ಇದ್ಕೆ!"

ಸುತ್ತಲಿದ್ದವರು ನಕ್ಕರು. ಕಾಸಿಂ ಸಾಹೇಬರು ತಲೆ ತಗ್ಗಿಸಿ ಕೈಯಲ್ಲಿದ್ದ ತೆಂಗಿನಕಾಯಿ ನೋಡತೊಡಗಿದರು. ನಾನು ಎದ್ದು ಆ ಮನುಷ್ಯನ ಬಾಯಿ ಮುಚ್ಚಿಸಬಹುದಿತ್ತು. ಯಾವ ಮುಖದಿಂದ? ಆ ನಗೆಮಾತನ್ನು ಅವನಿಗಿಂತ ಮೊದಲು ಕಾಗದದ ಮೇಲೆ ಇಳಿಸಿದವನು ನಾನೇ.

"ಹೌದು," ಎಂದರು ಗೌಡರು. "ಬಾಗ್ಲಿಲ್ಲ." ಊಟಕ್ಕೆ ಕೂತರು.

ಮುಂದೆ ನನಗೆ ನೆಲಮಂಗಲಕ್ಕೆ ವರ್ಗವಾಯಿತು. ಒಂದೆರಡು ವರ್ಷದಲ್ಲಿ ಹಳೆಯ ಕಾರು ಕೊಟ್ಟು ಸ್ವಲ್ಪ ದೊಡ್ಡದನ್ನು ತೆಗೆದುಕೊಂಡೆ. ಒಂದು ದಿನ ಅದನ್ನು ಹೊಸಕೋಟೆಯವರೆಗೆ ಓಡಿಸಿಕೊಂಡು ಹೋದೆ. ಅಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ಅವರ ಬಾಯಿಂದ ಒಂದು ಬೈಗುಳ ಬಿದ್ದರೆ ಸಾಕು ಎಂದು ಹೋಗಿದ್ದೆ. ಗೌಡರು ಅಂಗಳಕ್ಕೆ ಬಂದು ಮೊದಲು ನನ್ನ ಕೈ ಹಿಡಿದುಕೊಂಡರು. ಹೆಂಡತಿ ಮಕ್ಕಳನ್ನು ವಿಚಾರಿಸಿದರು.

"ಕಾರು ತಗೊಂಡೆ ಗೌಡ್ರೇ. ಇನ್ಮೇಲೆ ದಿನಾ ಇದೇ" ಎಂದೆ.

ಕಣ್ಣೆತ್ತಿ ನೋಡಿದರು. "ಚೆನ್ನಾಗೈತೆ ಡಾಕ್ಟ್ರೇ" ಎಂದರು. ಬಾಗಿಲು ಮುಟ್ಟಲಿಲ್ಲ. ಅದೇ ನಮ್ಮ ಕೊನೆಯ ಭೇಟಿ.

ಅವರು ಹೋದ ಸುದ್ದಿಯನ್ನು ಕಾಸಿಂ ಸಾಹೇಬರು ಕಾರ್ಡು ಬರೆದು ತಿಳಿಸಿದರು. ನಾನು ಹೋಗುವ ಹೊತ್ತಿಗೆ ತಿಥಿ ಮುಗಿದಿತ್ತು. ಅಂಗಳದಲ್ಲಿ ಜೀಪಿರಲಿಲ್ಲ, ಒಯ್ಯಿರಿ ಎಂದು ಅಕ್ಕಯ್ಯಮ್ಮನವರೇ ಸಾಹೇಬರಿಗೆ ಹೇಳಿದ್ದರಂತೆ. ಅಕ್ಕಯ್ಯಮ್ಮನವರು ಒಳಗಿನ ಕಂಬಕ್ಕೆ ಒರಗಿ ಕೂತಿದ್ದರು. ನಾನು ಹೇಳಬೇಕಾದ್ದನ್ನು ಹೇಳಿದೆ. ಅವರು ತಲೆಯಾಡಿಸಿದರು.

"ದಿನಾ ಬೆಳಿಗ್ಗೆ ನನ್ನ ಅದ್ರಲ್ಲಿ ಕೂರಿಸ್ಕೊಂಡು ಕೆರೆ ಏರಿ ಮೇಲೆ ಒಂದು ಸುತ್ತು ಹೋಗಿಬರೋರು. ಹಸಿರು ಕಾರು ಇದ್ದಾಗ ಒಂದಿನಾನೂ ಕರ್ದೋರಲ್ಲ."

"ಮಗನ ಮಾತು ಆಡ್ತಿದ್ರಾಮ್ಮಾ?"

"ಇಲ್ಲ ಕಣಪ್ಪಾ. ಏನೂ ಆಡ್ತಿರ್ಲಿಲ್ಲ. ತಿರುವು ಬಂದಾಗ ಮಾತ್ರ, ಬಿಗಿಯಾಗಿ ಹಿಡ್ಕೊ, ಆ ಕಡೆ ಏನೂ ಇಲ್ಲ ಅನ್ನೋರು. ಏರಿ ಮೇಲೆ ನಾಕು ತಿರುವು. ನಾಕರಲ್ಲೂ ಅನ್ನೋರು."

"ಹಿಡ್ಕೋತಿದ್ರಾ?"

"ಹೂಂ," ಎಂದರು. "ಎಲ್ಡೂ ಕೈಲಿ."