ಮಾವನ ಕೈ ಮತ್ತು ಬ್ರೇಕ್ ಎಣ್ಣೆ

ಸಿಕಂದರಾಬಾದಿನಾಚೆಯ ಬಾಲಾನಗರದ ವರ್ಕ್‌ಶಾಪಿನಲ್ಲಿ ಕಬ್ಬಿಣ ಬಗ್ಗಿಸುವ ಪ್ರೆಸ್ಸಿನ ಎದುರು ವರ್ಷಗಟ್ಟಲೆ ನಿಂತವನು ನಾನು. ಅದಕ್ಕೆ ಹೆದರಲಿಲ್ಲ. ನಾನು ಹೆದರುತ್ತಿದ್ದದ್ದು ಮಾವನಿಗೆ. ಅವರು ನನ್ನ ತಾಯಿಯ ತಮ್ಮ, ಆಮೇಲೆ ನನ್ನ ಹೆಂಡತಿಯ ತಂದೆ, ಮೇಲಾಗಿ ವರ್ಕ್‌ಶಾಪಿನ ಮಾಲೀಕರು. ಒಬ್ಬ ಮನುಷ್ಯ ಮೂರು ಕಡೆಯಿಂದ ಕುತ್ತಿಗೆಗೆ ಬಿದ್ದರೆ ಅಳಿಯನಾದವನು ಎಲ್ಲಿಗೆ ಓಡಬೇಕು? ಅವರು ಬೈಯುವವರಲ್ಲ, ಅದೇ ನನ್ನ ಕಷ್ಟ. ತಪ್ಪು ಮಾಡಿದರೆ ಸುಮ್ಮನೆ ಮುಖ ನೋಡಿ ಕೆಲಸಕ್ಕೆ ಹೋಗಿಬಿಡುತ್ತಿದ್ದರು.

ಮಾದಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಅಲ್ಲಿನ ಒಂದು ಕಂಪ್ಯೂಟರ್ ಕಂಪನಿಯ ಮಾಲೀಕರು ವಿದೇಶದಿಂದ ಹಳೆಯ ಮೋಟರ್‌ಹೋಮ್ ತರಿಸಿದ್ದರು. ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಇದ್ದ ಬಸ್ಸು. ಸ್ವಿಚ್ ಒತ್ತಿದರೆ ಅದರ ಮಗ್ಗುಲಿನಿಂದ ಒಂದಿಡೀ ಕೋಣೆ ಮೇಜಿನ ಖಾನೆಯ ಹಾಗೆ ಹೊರಗೆ ಬರುತ್ತಿತ್ತು, ಇನ್ನೊಂದು ಸ್ವಿಚ್ ಒತ್ತಿದರೆ ಒಳಗೆ ಹೋಗುತ್ತಿತ್ತು. ನಾವು ಅದನ್ನು ಖೋಲಿ ಎನ್ನುತ್ತಿದ್ದೆವು. ಟಿಪ್ಪರ್ ಲಾರಿಯ ತೊಟ್ಟಿಯನ್ನು ಎತ್ತುವ ಹಾಗೆಯೇ ಈ ಖೋಲಿಯನ್ನೂ ಎಣ್ಣೆಯ ಒತ್ತಡವೇ ತಳ್ಳಿ ಎಳೆಯುತ್ತಿತ್ತು. ಟಿಪ್ಪರ್ ರಿಪೇರಿಯಲ್ಲಿ ಮಾವನಿಗೆ ಹೆಸರಿತ್ತು, ಹಾಗಾಗಿ ಈ ಗಾಡಿಯೂ ನಮ್ಮ ಪಾಲಿಗೆ ಬಂತು. ಮಾವ ಸಿಲಿಂಡರ್ ಬಿಚ್ಚಿ, ಹೊಸ ರಬ್ಬರ್ ಸೀಲ್ ಕೂರಿಸಿ, ಖೋಲಿ ಸರಾಗವಾಗಿ ಓಡಾಡುವಂತೆ ಮಾಡಿಕೊಟ್ಟಿದ್ದರು.

ಎರಡು ತಿಂಗಳ ನಂತರ, ಎಣ್ಣೆ ಕಡಿಮೆಯಾಗಿದೆ ಎಂದು ಅಲ್ಲಿಂದ ಫೋನ್ ಬಂತು. ಮಾವ ನನ್ನನ್ನು ಕಳಿಸಿದರು. “ಇದಕ್ಕ ಹೈಡ್ರಾಲಿಕ್ ಎಣ್ಣಿನಽ ಹಾಕಬೇಕು. ಬ್ಯಾರೆ ಯಾವುದೂ ಬ್ಯಾಡ,” ಎಂದು ಎರಡು ಸಲ ಹೇಳಿದರು. ಆ ಎಣ್ಣೆ ನಮ್ಮಲ್ಲಿ ಮುಗಿದಿತ್ತು. ತರಬೇಕೆಂದರೆ ಸಿಕಂದರಾಬಾದಿಗೆ ಹೋಗಬೇಕು. ಹೊರಗೆ ಸುಡುಬಿಸಿಲು. ಕಪಾಟಿನಲ್ಲಿ ಲಾರಿಗೆ ಹಾಕುವ ಬ್ರೇಕ್ ಎಣ್ಣೆಯ ಡಬ್ಬ ಇತ್ತು. ಅದೂ ಎಣ್ಣೆ, ಇದೂ ಎಣ್ಣೆ ಎಂದುಕೊಂಡು ಸುರಿದು ಬಂದೆ. ಆ ದಿನ ಖೋಲಿ ಚೆನ್ನಾಗಿಯೇ ಓಡಾಡಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಬ್ರೇಕ್ ಎಣ್ಣೆ ಬಿದ್ದರೆ ಇಂಥ ಸೀಲ್ ಉಬ್ಬಿ ಮೆತ್ತಗಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ವಾರದ ಮೇಲೆ, ವರ್ಕ್‌ಶಾಪಿನಲ್ಲಿ ಬೇರೊಂದು ಜ್ಯಾಕ್ ಬಿಚ್ಚಿದಾಗ. ಉಬ್ಬಿದ ಸೀಲನ್ನು ಬೆರಳಲ್ಲಿ ಹಿಚುಕಿ ತೋರಿಸುತ್ತ ಮಾವ ಕಾರಣ ಹೇಳಿದರು. ಅಂದೇ ಹೇಳಬಹುದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆಗಳು ಹಾಗೇ ಉರುಳಿದವು.

ಮತ್ತೆ ಫೋನ್ ಬಂತು. ಖೋಲಿ ಅರ್ಧ ಹೊರಗೆ ಬಂದು ನಿಂತಿದೆ, ಒಳಗೆ ಹೋಗುತ್ತಿಲ್ಲ. ಈ ಸಲ ಮಾವನೇ ಹೊರಟರು. ನಾನೂ ಹೋದೆ. ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಲ್ಲಿ ಹೊರಳಿಸಿದೆ. ಅದು ಹೊರಗೆ ಬರಲಿಲ್ಲ.

ಗಾಡಿ ನಿಂತಿದ್ದ ಜಾಗ ಇಳಿಜಾರಾಗಿತ್ತು. ಖೋಲಿ ಎತ್ತರದ ಕಡೆಗಿತ್ತು, ಹಿಡಿತ ತಪ್ಪಿದರೆ ತನ್ನ ಭಾರಕ್ಕೇ ಒಳಗೆ ಜಾರುವಂತಿತ್ತು. ಮಾವ ಮೊದಲು ಗಾಡಿಯ ಡ್ರೈವರನಿಂದ ಸ್ವಿಚ್ ಒತ್ತಿಸಿ, ಬಗ್ಗಿ ಕಿವಿಗೊಟ್ಟರು. “ಮೋಟರ್ ತಿರಗಾಕತ್ತೈತಿ. ಬ್ಯಾಟರಿ ಚಲೋ ಐತಿ. ಎಣ್ಣಿ ಮಟ್ಟ ನೋಡು.” ನಾನು ಟ್ಯಾಂಕಿನಲ್ಲಿ ಕಡ್ಡಿ ಇಳಿಸಿದೆ. ಅದಕ್ಕೆ ಬ್ರೇಕ್ ಎಣ್ಣೆಯ ವಾಸನೆ ಇತ್ತು. ಅವರ ಮೂಗಿಗೆ ಬಡಿಯುವ ಮೊದಲೇ ಪ್ಯಾಂಟಿಗೆ ಒರೆಸಿಕೊಂಡು, “ಸರಿ ಐತ್ರಿ,” ಎಂದೆ.

“ಹಂಗಾದ್ರ ಪೈಪಿನ ಜೋಡಣಿ ಸಡ್ಲ ಮಾಡಿ ನೋಡೂಣು,” ಎಂದು ಮಾವ ಬಸ್ಸಿನ ಗೋಡೆಗೂ ಖೋಲಿಗೂ ನಡುವಿನ ಸಂದಿಯಲ್ಲಿ ಬಲಗೈ ತೂರಿಸಿದರು. ಭುಜದವರೆಗೆ. ಪೈಪು ಅಷ್ಟು ಒಳಗಿತ್ತು. ಸಾಮಾನ್ಯವಾಗಿ ಹೀಗೆ ಕೈ ಹಾಕುವ ಮೊದಲು ಅವರು ಕಟ್ಟಿಗೆಯ ಆನಿಕೆ ಕೊಡುತ್ತಿದ್ದರು. ಅಂದು ಕೊಡಲಿಲ್ಲ. ಸೀಲ್ ಅವರೇ ಹಾಕಿದ್ದು, ಎಣ್ಣೆ ಅಳಿಯನೇ ಹಾಕಿದ್ದು. ಆ ಸೀಲ್ ಭಾರ ತಡೆಯುತ್ತದೆ ಎಂದು ನಂಬಿದ್ದರು.

ಮೆತ್ತಗಾದ ಆ ಸೀಲ್ ಪೈಪು ಸಡಿಲವಾದೊಡನೆ ಬಿಟ್ಟುಕೊಡುತ್ತದೆ ಎಂದು ಗೊತ್ತಿದ್ದವನು ನಾನೊಬ್ಬನೇ. “ಮಾವಾ, ಕೈ ತಗೀರಿ” ಎಂದರೆ ಸಾಕಿತ್ತು. ಅಂದರೆ “ಯಾಕ?” ಎನ್ನುತ್ತಾರೆ. ಆ ‘ಯಾಕ’ಕ್ಕೆ ನಾನು ಎಷ್ಟು ಹೆದರಿದ್ದೆನೆಂದರೆ, ಅವರ ಕೈಯನ್ನು ಅಲ್ಲೇ ಬಿಟ್ಟು ಪಕ್ಕದ ಕಟ್ಟಡದತ್ತ ಓಡಿದೆ. ಸೆಂಟ್ರಿಂಗಿಗೆ ತಂದಿಟ್ಟಿದ್ದ ಕಟ್ಟಿಗೆಯ ರಾಶಿಯಿಂದ ದಪ್ಪನೆಯ ಎರಡು ತುಂಡು ಹೊತ್ತು ತಂದು ಸಂದಿಯ ಮೇಲೊಂದು ಕೆಳಗೊಂದು ಸಿಕ್ಕಿಸಿದೆ. ಎರಡನೆಯದು ಒಮ್ಮೆ ಜಾರಿ ಬಿತ್ತು, ಮತ್ತೆ ಎತ್ತಿ ಸಿಕ್ಕಿಸಿದೆ.

“ಅದ್ಯಾಕೋ ಈಗ?”

“ನೆಲ ಇಳಿಜಾರ ಐತ್ರಿ. ಇರಲಿ ಅಂತ.”

ಮಾವ ಪಾನಾ ಹಾಕಿ ಪೈಪಿನ ನಟ್ಟು ತಿರುಗಿಸಿದರು. ಎಣ್ಣೆ ಚಿಮ್ಮಿತು. ಖೋಲಿ ಒಮ್ಮೆಲೇ ಕದಲಿ, ತನ್ನ ಅಷ್ಟೂ ಭಾರದೊಂದಿಗೆ ಕಟ್ಟಿಗೆಗೆ ಬಂದು ಬಡಿಯಿತು. ಒಂದು ತುಂಡು ಉದ್ದಕ್ಕೆ ಸೀಳಿತು, ಇನ್ನೊಂದು ನಿಂತಿತು. ಮಾವ ಕೈ ಎಳೆದುಕೊಂಡು ನೆಲದ ಮೇಲೆ ಕೂತುಬಿಟ್ಟರು. ಐದೂ ಬೆರಳನ್ನು ಮಡಚಿ, ಬಿಚ್ಚಿ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಕೈ ಉಳಿಸಿದಿ ನೋಡಪಾ,” ಎಂದರು. ಅವರ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು. ನಾನು ಅವರ ಮುಖ ನೋಡದೆ ನೀರು ತರಲು ಹೋದೆ.

ನೀರು ಕುಡಿದು ಸುಧಾರಿಸಿಕೊಂಡು ಸಿಲಿಂಡರ್ ಬಿಚ್ಚಿದರು. ಉಬ್ಬಿದ ಸೀಲನ್ನು ಮೂಸಿದರು. ಗಾಡಿಯ ಡ್ರೈವರ್ ಪಕ್ಕದಲ್ಲೇ ನಿಂತಿದ್ದ. ಗುಂಟೂರು ಕಡೆಯ ಬಡಪಾಯಿ. ಕಂಪನಿಯ ಮ್ಯಾನೇಜರ್ ಕೂಡ ಅಷ್ಟರಲ್ಲಿ ಇಳಿದು ಬಂದಿದ್ದರು. “ಬ್ರೇಕ್ ಎಣ್ಣಿ ಹಾಕ್ಯಾರ ಯಾರೋ,” ಎಂದು ಮಾವ ಡ್ರೈವರನತ್ತ ನೋಡಿದರು, ಅದನ್ನೇ ತೆಲುಗಿನಲ್ಲೂ ಹೇಳಿದರು. ಮ್ಯಾನೇಜರರೂ ಅವನನ್ನೇ ನೋಡಿದರು. “ನೇನು ಕಾದಂಡಿ, ನೇನು ಕಾದು,” ನಾನಲ್ಲ ನಾನಲ್ಲ ಎಂದು ಅವನು ಎರಡೂ ಕೈ ಮುಗಿದ. ಅವನ ಕಣ್ಣಲ್ಲಿದ್ದ ಹೆದರಿಕೆ ನನಗೆ ಚೆನ್ನಾಗಿ ಪರಿಚಯವಿತ್ತು. ಮೂರು ವಾರದಿಂದ ನಾನೂ ಅದನ್ನೇ ಹೊತ್ತು ತಿರುಗಿದ್ದೆ.

“ನಾನಽ ಹಾಕಿದ್ದರಿ, ಮಾವಾ.”

ಮಾವ ಸೀಲನ್ನು ಕೆಳಗಿಟ್ಟರು. ಚಿಂದಿಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, “ನಾ ಒಳಗ ಕೈ ಹಾಕುಮುಂದ ನಿನಗ ಗೊತ್ತಿತ್ತೇನು?” ಎಂದರು.

“ಗೊತ್ತಿತ್ತರಿ.”

ಅವರು ನನ್ನ ಮುಖ ನೋಡಿದರು. ಆಮೇಲೆ ಹೊಸ ಸೀಲಿನ ಡಬ್ಬ ತೆರೆದರು.

ಕೆಲಸದಿಂದ ತೆಗೆಯಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅವರ ಪಕ್ಕದಲ್ಲಿ ಇನ್ನೂ ಹನ್ನೊಂದು ವರ್ಷ ದುಡಿದೆ. ಆದರೆ ಅಂದಿನಿಂದ, ನಾನು ಹತ್ತಿರ ಇದ್ದರೆ, ಟಿಪ್ಪರ್ ಆಗಲಿ, ಜ್ಯಾಕ್ ಆಗಲಿ, ಮನೆಯ ಮಿಕ್ಸರ್ ಆಗಲಿ, ಕೈ ಹಾಕುವ ಮೊದಲು ನನ್ನನ್ನು ಒಂದು ಮಾತು ಕೇಳುತ್ತಿದ್ದರು. “ಹೇಳೂದು ಏನರ ಐತೇನು?” ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಅಪ್ಪನ ಅಭ್ಯಾಸ ಎಂದು ನನ್ನ ಹೆಂಡತಿ ನಗುತ್ತಿದ್ದಳು.

“ಏನಿಲ್ಲರಿ,” ಎನ್ನುತ್ತಿದ್ದೆ ನಾನು. ಅಂದ ಮೇಲೆಯೂ ಅವರು ಕೈಯನ್ನು ಹೊರಗೇ ಹಿಡಿದು ಒಂದು ಗಳಿಗೆ ಕಾಯುತ್ತಿದ್ದರು.